ಸಾವಧಾನ್

ಮೂವತ್ತೊಂದು ವರ್ಷ ಈ ಒಂದು ಮಾತನ್ನು
ಕಬ್ಬಿಣದ ಊರಿನ ಬೆಳಗುಗಳಿಗೆ ಕೂಗಿದ್ದೇನೆ:
ಸಾವಧಾನ್!
ಮುನ್ನೂರು ಜೊತೆ ಹಿಮ್ಮಡಿ ಒಮ್ಮೆಲೇ ಕೂಡಿ
ಧೂಳು ಗೇಣುದ್ದ ಎದ್ದು ಕೂರುತ್ತಿತ್ತು.
ಮನೆಯಲ್ಲಿ ನನ್ನವ್ವ ಅದೇ ಮಾತನ್ನು
ಬಿಸಿಗಂಜಿ ಬಡಿಸುತ್ತ ಹೇಳುತ್ತಿದ್ದಳು:
ಸಾವಧಾನ, ಮಗಾ, ನಾಲಿಗೆ ಸುಟ್ಟೀತು.
ಎರಡೂ ಒಂದೇ ಮಾತೆಂದು
ನನಗೆ ಹೊಳೆದದ್ದು ತಡವಾಗಿ.

ಭದ್ರಾವತಿ. ಕಾರ್ಖಾನೆಯ ಬೆನ್ನಿಗಂಟಿದ ಶಾಲೆ.
ಎಂಟನೇ ಕ್ಲಾಸು ಬಿ ಸೆಕ್ಷನ್ನಿಗೆ
ಆ ಜೂನಿನಲ್ಲಿ ಸೇರಿದವಳು ಖೇಮಾ.
ಬರೆದವರು ತಪ್ಪಿದ್ದಾರೆಂದು ಹಾಜರಿ ಪುಸ್ತಕದಲ್ಲಿ
ನಾನೇ ತಿದ್ದಿದೆ: ಕ್ಷಮಾ.
"ಅಲ್ಲ ಸಾರ್, ಕ್ಷೇಮದ ಖೇಮಾ. ಕ್ಷಮೆಯದಲ್ಲ."
ಆಯ್ತು ಆಯ್ತು, ಕೂತ್ಕೊ ಎಂದೆ.

ಬಾವುಟದ ಕೆಳಗೆ ಅವಳು
ನಿದ್ದೆ ಹೋದ ಕೂಸಿನ ಮುಂದೆ ನಿಲ್ಲುವ ಹಾಗೆ ನಿಲ್ಲುತ್ತಿದ್ದಳು.
ಹಾಡಿಗೆ ದನಿ ಸೇರಿಸುತ್ತಿದ್ದಳು, ತುಸು ಅಪಶ್ರುತಿ.
ಪ್ರತಿಜ್ಞೆಯಲ್ಲಿ ಮಾತ್ರ
ಎಲ್ಲರೂ ಒಡಹುಟ್ಟಿದವರು ಎನ್ನುವ ಸಾಲು ಬಂದಾಗ
ತುಟಿ ಕೂಡಿಸಿಬಿಡುತ್ತಿದ್ದಳು.
ಮುಂದಿನ ಸಾಲಿಗೆ ಮತ್ತೆ ತೆರೆಯುತ್ತಿದ್ದಳು.

ದೂರು ತಂದವನು ಲೀಡರ್ ಚಿರಂತ.
ಹೆಡ್‌ಮೇಡಂ ಕೋಣೆ. ಮೇಜಿನ ಮೇಲೆ
ನಾಲ್ಕು ಸಿಂಹದ ಪೇಪರ್‌ವೇಯ್ಟು, ಮೂರೇ ಕಾಣುವಂಥದ್ದು.
"ದೇಶದ ಮೇಲೆ ಪ್ರೀತಿ ಇಲ್ವೇನೇ?"
"ಇದೆ ಮೇಡಂ. ಆ ಸಾಲು ಹೇಳ್ತೀನಲ್ಲ. ಅದು ನಿಜ, ಅದಕ್ಕೆ.
ಮನೇಲಿ ದಿನಾ ಸಂಜೆ ಐದು ಮಾತು ಕೊಡ್ತೀವಿ.
ನಾಲ್ಕನೇದು ಸುಳ್ಳಾಡಲ್ಲ ಅಂತ.
ಬಿಸಿಯೂಟಕ್ಕೆ ನಾನು ಕೂತ್ರೆ ಚಿರಂತ
ತಟ್ಟೆ ಎಳ್ಕೊಂಡು ಆ ಕಡೆ ಸರೀತಾನೆ.
ಅವನು ಅಣ್ಣ ಆದ ದಿನ ಹೇಳ್ತೀನಿ."

ಮೇಡಂ ಸುಮ್ಮನೆ ಪೇಪರ್‌ವೇಯ್ಟು ತಿರುಗಿಸಿದರು.
ಬೇರೆ ಮೂರು ಸಿಂಹ.

ತಟ್ಟೆ ಸರಿಯುವುದನ್ನು ನಾನೂ ಕಂಡಿದ್ದೆ,
ಎಷ್ಟೋ ಮಧ್ಯಾಹ್ನ.
ಸೀಟಿ ಊದಿ ಬೇರೆ ಕಡೆ ಹೋಗಿದ್ದೆ.

ಅಪ್ಪ ಬಂದ, ಮಾಚೇನಹಳ್ಳಿಯ ಫೌಂಡ್ರಿಯಿಂದ ನೇರ,
ಅಂಗಿಯ ತುಂಬ ಕಿಡಿ ಕಚ್ಚಿದ ತೂತು.
ಬಾವುಟದ ನಡುವಿನ ಚಕ್ರ ಯಾರದೆಂದು
ವಾದಕ್ಕಿಳಿಯುತ್ತಾನೆಂದು ನಾವು
ಉತ್ತರ ಕಟ್ಟಿಕೊಂಡು ಕೂತಿದ್ದೆವು.
ಅವನು ಚಕ್ರದ ಸುದ್ದಿಯೆತ್ತಲಿಲ್ಲ.
ಮಗಳೆದುರು ಕುಕ್ಕರಗಾಲಲ್ಲಿ ಕೂತು ಕೇಳಿದ:
"ಸಿಟ್ಟಲ್ಲಿ ಬಾಯಿ ಮುಚ್ತೀಯೇನವ್ವಾ?"
ಅವಳು ಕಿಟಕಿಯಾಚೆ ನೋಡಿದಳು. ಬಹಳ ಹೊತ್ತು
ಒಳಗೇ ಏನೋ ಅಳೆದು,
"ಸ್ವಲ್ಪ" ಎಂದಳು.
"ಹಂಗಾರೆ ಅಷ್ಟನ್ನ ಕೆಳಗಿಟ್ಟು, ಆಮೇಲೆ ಮುಚ್ಚು."
ನಮಗೆಲ್ಲ ಕೈಮುಗಿದು ಹೊರಟ. ಶಿಫ್ಟ್ ಬಾಕಿ ಇತ್ತು.

ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾರನೇ ಬೆಳಗ್ಗೆ ಕೂಗಲೆಂದು ಬಾಯಿ ತೆರೆದರೆ
ಗಂಟಲಲ್ಲಿ ಅವ್ವ.
ಸಾವಧಾನ, ಎಂದೆ. ಕೂಗಲಿಲ್ಲ, ಹೇಳಿದೆ.
ಹಿಮ್ಮಡಿಗಳು ಹಿಂದೆಮುಂದಾಗಿ ಕೂಡಿದವು,
ಹಂಚಿನ ಮೇಲೆ ಮೊದಲ ಹನಿಗಳ ಹಾಗೆ.
ಆ ಸಾಲು ಬಂತು. ನಾನೂ ಹೇಳಿದೆ, ಹಳೆಯ ರೂಢಿ;
ನಡುವೆ ಎಲ್ಲೋ ನನ್ನ ದನಿ ನನಗೇ ಕೇಳಿಸಿತು.
ಖೇಮಾ ಮಾತಾಡಲಿಲ್ಲ.
ನಿನ್ನೆಯ ಮೌನಕ್ಕಿಂತ ಹಗುರವಿತ್ತು ಅದು.

ಸ್ಟಾಫ್‌ರೂಮಿನಲ್ಲಿ ಬ್ಲೇಡಿನ ಮೂಲೆಯಿಂದ
ನಾನು ಬರೆದಿದ್ದ ಹೆಸರು ಕೆರೆದೆ.
ಕಾಗದ ತೆಳುವಾಗಿ, ಹೊಸ ಅಕ್ಷರಕ್ಕೆ ಶಾಯಿ ಹಬ್ಬಿತು;
ಖೇಮಾ ಈಗ ಉಳಿದವರಿಗಿಂತ ದಪ್ಪಗಿದ್ದಾಳೆ.

ಮಧ್ಯಾಹ್ನ ತಟ್ಟೆ ಹಿಡಿದು ಹೋಗಿ
ಅವರಿಬ್ಬರ ನಡುವೆ ಖಾಲಿ ಬಿದ್ದಿದ್ದ ಜಾಗದಲ್ಲಿ ಕೂತೆ.
ಮಂಡಿ ಮಡಚಲು ಕಷ್ಟವಾಯಿತು.
ಸಾರು ನಾಲಿಗೆ ಸುಟ್ಟಿತು.