ಏಳನೆಯ ಅಕ್ಷರ

ನಾರ್ತ್ ಡಕೋಟ, ಆಸ್ಪತ್ರೆಯ ನೆಲಮಾಳಿಗೆ.
ಹೊರಗೆ ಮೈನಸ್ ಇಪ್ಪತ್ತೆರಡು.
ಮಾರ್ಲಿಸ್ ಟ್ವೈಟ್ ಓದುತ್ತಾಳೆ: ಗಂಡಸು, ಎಪ್ಪತ್ತೊಂದು,
ಸೂರಿನ ಹಿಮ ಕೆರೆಯಲು ಹತ್ತಿದ ಏಣಿ,
ಕತ್ತಿನ ಎರಡನೆಯ ಮಣಿ, ಅದರ ಹಲ್ಲು ಮುರಿದಿದೆ.

ಹೌದು, ಕೊರಳೊಳಗೂ ಒಂದು ಹಲ್ಲು.
ಮೇಲಿನ ಮಣಿ ಹೂಂ ಅನ್ನಲಿಕ್ಕೆ;
ಉಹೂಂ ತಿರುಗುವುದು ಈ ಹಲ್ಲಿನ ಸುತ್ತ.

ಏಣಿಗೊಂದು ಕೋಡ್ ಇದೆ, ಹಿಮಕ್ಕಿದೆ,
ಮನೆಯಂಗಳಕ್ಕೂ ಇದೆ.
ಎಲುಬು ಜರುಗಿದೆಯೇ, ಇದ್ದಲ್ಲೇ ಇದೆಯೇ?
ಡಾಕ್ಟರು ಬರೆದಿಲ್ಲ.
ಬರೆಯದಿದ್ದರೆ ಜರುಗಿದೆ ಎಂದೇ ಹಿಡಿ, ಅನ್ನುತ್ತದೆ ನಿಯಮ;
ಚರ್ಮ ಹರಿದದ್ದು ಬರೆಯದಿದ್ದರೆ
ಹರಿದಿಲ್ಲ ಎಂದೇ ಹಿಡಿ.
ಒಂದೇ ಮೌನಕ್ಕೆ ಎರಡು ಅರ್ಥ.
ಆದರೂ ಕೇಳುತ್ತಾಳೆ, ಎರಡು ಸಾಲಿನ ಚೀಟಿ.
ಮೂರು ದಿನಕ್ಕೆ ಉತ್ತರ: ಜರುಗಿಲ್ಲ.
ಕೊನೆಗೆ ಏಳನೆಯ ಅಕ್ಷರ, ಎ. ಮೊದಲ ಭೇಟಿ.

ಏಪ್ರಿಲ್‌ನಲ್ಲಿ ಮತ್ತೆ ಗಿಲ್ಮನ್ ಹ್ಯಾಗೆನ್.
ಮೊದಲಿನ ಆರೂ ಅವೇ,
ಕೊನೆಯದು ಮಾತ್ರ ಕೆ: ಕೂಡಿಲ್ಲ.
ಕತ್ತಿನ ಪಟ್ಟಿ ಇನ್ನೂ ಬಿಗಿ.
ನರ್ಸ್ ಅಂಚಿನಲ್ಲಿ ಗೀಚಿದ್ದಾಳೆ, ಹೆಂಡತಿಯ ಮಾತಂತೆ:
"ನಲವತ್ತಾರು ವರ್ಷದಲ್ಲಿ ಮೊದಲ ಸಲ
ನಾನು ಕೇಳಿದ್ದಕ್ಕೆ ತಲೆಯಾಡಿಸಿ ಬೇಡವೆಂದಿಲ್ಲ.
ಬಾಯಲ್ಲೇ ಹೇಳಲಿ ಅಂತ ಕಾಯ್ತಿದ್ದೀನಿ."

ಬಿಲ್ಲಿಗೆ ಬೇಡದ ಸಾಲು.
ಮಾರ್ಲಿಸ್ ಎರಡು ಸಲ ಓದಿ
ಕತ್ತು ನೀವಿಕೊಳ್ಳುತ್ತಾಳೆ,
ಎಡಕ್ಕೆ, ಬಲಕ್ಕೆ,
ನಿಧಾನ.