ಕೆಂಪಿನ ಒರೆ

ಒಬುವಾಸಿಯ ಗಣಿಯಲ್ಲಿ ಅಪ್ಪ ದುಡಿದದ್ದು ಇಪ್ಪತ್ತೆರಡು ವರ್ಷ;
ಚಿನ್ನ ಕಂಡದ್ದು ಎರಡೇ ಸಲ,
ಎರಡು ಸಲವೂ ಬೇರೆಯವರ ಕೈಯಲ್ಲಿ.
ನನಗಾದರೆ ದಿನವೂ ಸಿಗುತ್ತದೆ,
ಆಕ್ರಾದ ಪ್ರಯೋಗಾಲಯದ ಮೂರನೇ ಮೇಜಿನ ಮೇಲೆ
ಗಾಜಿನ ಬುರುಡೆಯೊಳಗೆ ಕುದಿಯುತ್ತ.

ನಿಂಬೆಯ ಉಪ್ಪು ಸುರಿಯುತ್ತೇನೆ. ತಿಳಿಹಳದಿ ಮಾಯ.
ಒಂದು ಗಳಿಗೆ ಏನೂ ಇಲ್ಲ; ಆಮೇಲೆ ಮಸಿ,
ಆಮೇಲೆ ನೇರಳೆ, ಆಮೇಲೆ ಕೆಂಪು.
ಸಣ್ಣಗೆ, ತೀರಾ ಸಣ್ಣಗೆ ಮಾಡಿದರೆ
ಚಿನ್ನ ಚಿನ್ನದ ಬಣ್ಣ ಬಿಟ್ಟುಬಿಡುತ್ತದೆ.
ಅಪ್ಪನಿಗೆ ಫೋನಿನಲ್ಲಿ ಹೇಳಿದೆ.
‘ಅಷ್ಟು ಸಣ್ಣದನ್ನ ಕದಿಯೋದಾದರೂ ಹೇಗೆ’ ಎಂದ.

ಅದರ ಒಂದು ಹನಿ ಕಾರ್ಬನ್ ಪಟ್ಟಿಯ ಮೇಲೆ ಒಣಗಬೇಕು.
ಸಂತೆಯಿಂದ ಬಂದ ತಾಳೆಎಣ್ಣೆಯ ಸಾರ ತಾಗಬೇಕು.
ವೋಲ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೇನೆ:
ಹಣ್ಣಿನ ಸ್ವಂತ ಕೆಂಪಾದರೆ
ಗೆರೆ ಆ ಜಾಗವನ್ನು ಸುಮ್ಮನೆ ದಾಟುತ್ತದೆ;
ಬೂಟ್ ಪಾಲಿಶಿಗೆ ಹಾಕುವ ಸುಡಾನ್ ಬಣ್ಣವಾದರೆ
ಅಲ್ಲೇ, ಅದೇ ವೋಲ್ಟಿನಲ್ಲಿ, ಉಬ್ಬು ಏಳುತ್ತದೆ,
ಕಂಬಳಿಯ ಕೆಳಗೆ ಅವಿತ ಮಗುವಿನ ಮೊಣಕಾಲಿನಂತೆ.

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಸರಿ.
ಕೆಂಪಗಿದ್ದದ್ದಕ್ಕೆ ಗಾದೆ ಯಾರೂ ಕಟ್ಟಲಿಲ್ಲ.
ಲೋಕವೆಲ್ಲ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡಿತು;
ಇಲ್ಲಿ ಚಿನ್ನವೇ ಒರೆಗಲ್ಲು.

ಹದಿನೇಳನೇ ಮಾದರಿಗೆ ಹೆಸರಿಲ್ಲ, ಅಂಕೆ ಮಾತ್ರ.
ಆದರೆ ಆ ಜಿನ್ ಬಾಟಲಿ ನನಗೆ ಗೊತ್ತು,
ಬಿರಡೆಗೆ ಬದಲು ತುರುಕಿದ ಜೋಳದ ಸಿಪ್ಪೆ ಗೊತ್ತು.
ಅಮ್ಮ ತೀರಿಕೊಂಡ ವರ್ಷ
ಅಲಸಂದೆ ಗೊಜ್ಜು, ಕರಿದ ಬಾಳೆ
ತಟ್ಟೆ ತುಂಬ ಬಡಿಸಿದ ಕೈ: ಎಸಿನಾಮ್ ಚಿಕ್ಕಮ್ಮ.

ಉಬ್ಬು ಎದ್ದಿತು.
ಪಟ್ಟಿ ಬದಲಿಸಿದೆ. ಎದ್ದಿತು.
ದ್ರಾವಣ ಬದಲಿಸಿದೆ, ಕೈಗವಸು ಬದಲಿಸಿದೆ,
ಕಿಟಕಿಯಾಚೆ ಹೋಗಿ ಬಂದೆ.
ಎದ್ದಿತು.

ಶನಿವಾರ ಮದೀನಾ ಮಾರುಕಟ್ಟೆಗೆ ಹೋದೆ.
ಅವಳು ಸಿಟ್ಟಾಗಲಿಲ್ಲ. ಎರಡು ಬಾಟಲಿ ಬಿಸಿಲಿಗೆ ಹಿಡಿದಳು.
‘ಇದು ನಾನೇ ಕುದಿಸಿದ್ದು, ಜೀಫಾ. ಮೂರು ತಿಂಗಳಾಯಿತು,
ನೊಣ ಕೂಡ ಮೂಸಿಲ್ಲ.
ಇದು ಲಾರಿಯವನದು. ಮಧ್ಯಾಹ್ನದೊಳಗೆ ಖಾಲಿ.
ನಿನ್ನ ಯಂತ್ರಕ್ಕೆ ಕೊಳ್ಳುವವರ ಕಣ್ಣು ಕೊಡು,
ಅಲ್ಲೇನಾದರೂ ಏಳುತ್ತದಾ ನೋಡು.’

ನಾನೂ ಕೆಂಪು ನೋಡಿಯೇ ಎರಡನೇ ಸಲ ಬಡಿಸಿಕೊಂಡವಳು.
ಹೇಳಲಿಲ್ಲ.

‘ಪಟ್ಟಿ ಒಂದಕ್ಕೆ ಎಷ್ಟು?’
ಎರಡು ಮೊಟ್ಟೆಯ ಬೆಲೆ ಎಂದೆ.
ಸೊಂಟದ ಗಂಟು ಬಿಚ್ಚಿ ಎಣಿಸಿದಳು:
‘ಆರು ಕೊಡು. ಓದೋದನ್ನೂ ಕಲಿಸು.
ಲಾರಿ ಬರೋದು ಮಂಗಳವಾರ.’

ನೋಟಿನ ಮೇಲೆ ಅವಳ ಹೆಬ್ಬೆರಳಿನ ಗುರುತು, ಎಣ್ಣೆಯದು.
ಯಾವ ಕೆಂಪೋ.
ಮಡಿಚಿ ಕಿಸೆಗೆ ಹಾಕಿಕೊಂಡೆ.