ಸೊನ್ನೆ ಟಿಕೇಟಿನ ಬೆನ್ನಿಗೆ

ವಾಡಿ ಬಸ್‌ಸ್ಟ್ಯಾಂಡಿನಾಗ ಏಳೂವರಿಗೆ
ಕಂಡಕ್ಟರ್ ಮಷಿನ್‌ನಿಂದ ಹರದು ಕೊಡೋ ಟಿಕೇಟಿನ ಮ್ಯಾಲ
ಮೊತ್ತ: ಸೊನ್ನೆ.
ಪುಕ್ಕಟೆ ಅಲ್ರೀ ಅಕ್ಕೋರೆ, ಅಂತಾನ,
ತನ್ನ ಕಿಸೇದಿಂದ ಕೊಟ್ಟವರಂಗ.
ನಾ ಅದನ್ನ ಒಗಿಯಂಗಿಲ್ಲ.
ಬೆನ್ನು ಖಾಲಿ ಇರ್ತದ, ಬೆಳ್ಳಗ,
ಒಂದು ದಿನದ ಹಿಸಾಬಿಗಿ ಸಾಕಾಗುವಷ್ಟು.
ಮುಂದಿನ ಅಕ್ಷರ ತಿಂಗಳೊಪ್ಪತ್ತಿನಾಗ ಮಾಸಿ ಹೋಗ್ತಾವ,
ಬೆನ್ನಿಗಿ ಬರದದ್ದು ಹೋಗಂಗಿಲ್ಲ.

ಹಾಲು ಇಪ್ಪತ್ನಾಕು.
ಅತ್ತಿಯ ಬಿಪಿ ಗುಳಿಗಿ, ಅರ್ಧ ಪಟ್ಟಿ.
(ಅರ್ಧಕ್ಕೂ ಕತ್ತರಿಸಿ ಕೊಡ್ತಾನ ಮೆಡಿಕಲ್‌ನಾಂವ,
ಕತ್ತರಿ ಎತ್ತೋಮುಂದ ಮಾತ್ರ ಒಂದ್ಸಲ ಮಾರಿ ನೋಡ್ತಾನ.)
ಭಿಶಿ ಐನೂರು, ಹದಿನೈದಕ್ಕ.
ಸಿಲಿಂಡರ್. ಅದರ ಮುಂದ ಏನೂ ಬರದಿಲ್ಲ,
ಎತ್ತಿ ನೋಡೀನಿ, ಇನ್ನೊಂದು ವಾರದ ಭಾರ ಅದ.
ಬಾಜು ಮನಿ ಖಾಜಾಬಿ ಕಡಿಂದ ತಂದ ಮುನ್ನೂರು
ಯಾವ ಟಿಕೇಟಿನ ಮ್ಯಾಲೂ ಇಲ್ಲ.
ಬರದ್ರ ಸಾಲ ಆಗ್ತದ.

ಸಾಲ್ಯಾಗ ವೇಳಾಪಟ್ಟಿಯೊಳಗ
ಪೆನ್ನಿನಾಗ ನಾಗಾಂಬಿಕಾ ಟೀಚರ್,
ಬಾಜೂಕ ಪೆನ್ಸಿಲ್ಲಿಲೆ ನಾ.
ಅವರು ಹೆರಿಗಿ ರಜಾದಾಗ ಭಾಲ್ಕಿಗಿ, ತವರಿಗಿ ಹೋಗ್ಯಾರ.
ಅವರ ಕುರ್ಚಿ ಮ್ಯಾಲ ಕೂಡ್ತೀನಿ,
ಅವರ ಮೊಳಿಗಿ ನನ್ನ ಕೊಡಿ ತೂಗಹಾಕ್ತೀನಿ.
ಮೊದಲ ವಾರ ಹುಡುಗರು ಅವರ ಹೆಸರಿಲೇ ಕರದ್ರು.
ಓ ಅಂದೆ.

ಪಗಾರ ಅನ್ನಂಗಿಲ್ಲ ಅದಕ್ಕ, ಗೌರವಧನ.
ಆಗಸ್ಟಿಂದು ದೀಪಾವಳಿಗಿ ಬಂತು,
ಸಪ್ಟೆಂಬರಿಂದು ಖಜಾನ್ಯಾಗ ಅದ,
ಅಕ್ಟೋಬರಿಂದು ಬಿಲ್ ಆಗ್ಯಾದಂತ,
ಅದರ ಮುಂದಿಂದು ಹೆಡ್‌ಮಾಸ್ತರಿಗೂ ಗೊತ್ತಿಲ್ಲ.
ಗೌರವ ಮಾತ್ರ ವ್ಯಾಳ್ಯಾಕ್ಕ ಸರಿಯಾಗಿ ಬರ್ತದ.
ಕಿರಾಣಿ ಮೌಲಾಲಿ ಸಾಬ ಸುದ್ದಾ ಟೀಚರ್ ಅಂತಾನ,
ಉದ್ರಿ ಬುಕ್ಕ ತೆಗಿಯೋಮುಂದ.

ನಾಕನೇ ಇಯತ್ತೆ, ಕಳೆಯೋ ಲೆಕ್ಕ.
ಎರಡರಾಗ ಏಳು ಹೋಗಂಗಿಲ್ಲ, ಏನು ಮಾಡಬೇಕು?
ಬಾಜು ಮನಿಯಿಂದ ಸಾಲ ತರಬೇಕ್ರೀ!
ಇಪ್ಪತ್ತೆರಡು ಬಾಯಿ ಒಮ್ಮೆಲೆ, ನೆಲದ ಪರಸಿ ನಡಗೋಹಂಗ.
ಬಾಜು ಮನ್ಯಾಗ ಸೊನ್ನೆ ಇದ್ರ?
ಅದರ ಆಚಿ ಮನಿಗಿ ಹೋಗಬೇಕ್ರೀ!
ಹಿಂದಿಂದ ಮಾಪಮ್ಮ ಎದ್ದು ನಿಂತಳು,
ಆಕಿ ಕೂದಲಾಗ ಯಾವಾಗಲೂ ಜರಾ ಖಣಿ ಧೂಳ.
ಟೀಚರ್, ತಂದಿದ್ದು ವಾಪಸ್ ಯಾವಾಗ ಕೊಡೋದ್ರೀ?
ಎಲ್ಲಾರೂ ನಕ್ರು.
ನಾ ಬೋರ್ಡ್ ನೋಡಿದೆ.
ಆರು ವರ್ಷ, ಐದು ಸಾಲಿ, ಇದೇ ಲೆಕ್ಕ ಹೇಳೀನಿ.
ಕೊಟ್ಟ ಮನಿ ಒಂದು ಕಮ್ಮಿಯಾಗಿ
ತಲಿ ಮ್ಯಾಲ ಗೀಟು ಹೊಡಿಸ್ಕೊಂಡು ನಿಲ್ತದ,
ಯಾರ ಬಾಗಿಲಿಗೂ ಬರಂಗಿಲ್ಲ.
ನಾಳಿ ಹೇಳ್ತೀನಿ, ಕೂಡು, ಅಂದೆ.

ರಾತ್ರಿ ದೇವಿಂದ್ರ ಪಾಲಿಶ್ ಮಷಿನ್ ಬಂದ್ ಮಾಡಿ ಬಂದು
ಮೊಣಕೈತನ ತೊಳಕೊಂಡು
ನನ್ನ ಮುಂದ ಕಿಸೆ ಖಾಲಿ ಮಾಡ್ತಾನ,
ಹುಡುಗರು ಮನಿಗೆಲಸ ತೋರಿಸಿದಂಗ.
ಎಣಸ್ತೀನಿ. ಇಪ್ಪತ್ತು ಕಮ್ಮಿ.
ಚಹಾ, ಅಂತಾನ. ಇಬ್ಬರು ಕುಡದೀವಿ.
ಬರೀತೀನಿ: ಚಹಾ, ಇಪ್ಪತ್ತು.
ಒಂದೊಂದು ದಿನ
ಕರೆಂಟ್ ಇರ್ಲಿಲ್ಲ, ಅಂತಾನ.
ಆವತ್ತು ಏನೂ ಕೇಳಂಗಿಲ್ಲ.

ಫೆಬ್ರುವರಿ ಎರಡನೇ ಸೋಮವಾರ
ನಾಗಾಂಬಿಕಾ ಟೀಚರ್ ಬಂದ್ರು.
ಡಬ್ಬಿ ತುಂಬ ಪೇಢಾ, ಮೊಬೈಲ್‌ದಾಗ ಕೂಸು.
ಚಂದ ಅದ ಕೂಸು. ಖರೇನೇ ಚಂದ ಅದ.
ಹೆಡ್‌ಮಾಸ್ತರು ಜೂನ್‌ದಾಗ ನೋಡಮ್ರಿ ಅಂದು,
ವೇಳಾಪಟ್ಟಿ ಗ್ವಾಡಿಯಿಂದ ತೆಗೆದು
ರಬ್ಬರ್ ಹುಡುಕಿದ್ರು. ಸಿಗಲಿಲ್ಲ.
ನನ್ನ ಬ್ಯಾಗಿನಾಗಿತ್ತು.
ಕೊಟ್ಟೆ.

ವಾಪಸ್ ಬಸ್ಸಿನಾಗ ಕಿಡಕಿ ಸೀಟು.
ಟಿಕೇಟು ತಿರುವಿ ತೊಡಿ ಮ್ಯಾಲ ಇಟ್ಕೊಂಡೆ.
ಪೇಢಾ ಎರಡು, ಅತ್ತಿಗೊಂದು, ಖಾಜಾಬಿ ಮನಿಗೊಂದು.
ಬರಬೇಕಾದ್ದು: ನಾಕು ತಿಂಗಳಿಂದು.
ಕೊಡಬೇಕಾದ್ದು: ಮಾಪಮ್ಮಗ
ಅಂತ ಬರಿಯೋದ್ರಾಗ
ಸಿಮೆಂಟ್ ಫ್ಯಾಕ್ಟರಿ ಗೇಟಿನ ಹಂಪಿಗಿ ಬಸ್ ಜಿಗೀತು.
ಪೆನ್ನು ಜಾರಿ ಒಂದು ಉದ್ದ ಗೀಟು ಬಿತ್ತು,
ಟಿಕೇಟು ದಾಟಿ ಸೀರಿ ಮ್ಯಾಲ.